ಆಟದ ಮನೆ ಮುಗಿದಿರಬಾರದು

ಬೇಸಿಗೆ ಬಂತು ಅಂದ್ರೆ ಅಮೆರಿಕ, ಇಂಗ್ಲೆಂಡಿನ ಸಸ್ಯೋದ್ಯಾನಗಳಲ್ಲಿ ಒಂದು ಬಗೆಯ ಪ್ರದರ್ಶನ ನಡೆಯುತ್ತೆ. ವಾಸ್ತುಶಿಲ್ಪಿಗಳು, ಕಲಾವಿದರು, ಬಡಗಿಗಳು ಸೇರಿ ಮಕ್ಕಳಿಗಾಗಿ ಆಟದ ಮನೆಗಳನ್ನು ಕಟ್ಟುತ್ತಾರೆ. ಒಂದು ಅಣಬೆಯ ಆಕಾರದಲ್ಲಿ, ಒಂದು ಹಕ್ಕಿಗೂಡಿನ ಆಕಾರದಲ್ಲಿ, ಇನ್ನೊಂದು ಕಥೆಪುಸ್ತಕದಿಂದ ಎದ್ದು ಬಂದ ಹಡಗಿನ ಹಾಗೆ. ಕೆಲವು ತಿಂಗಳು ಹುಲ್ಲುಹಾಸಿನ ಮೇಲೆ, ಮರಗಳ ನೆರಳಲ್ಲಿ ಇರುತ್ತವೆ. ಎಲೆ ಉದುರೋ ಕಾಲಕ್ಕೆ ಬಿಚ್ಚಿ ಒಯ್ಯುತ್ತಾರೆ, ಇಲ್ಲವೇ ಹರಾಜು ಹಾಕುತ್ತಾರೆ. ಮನೆ ಹೋದರೂ ಅದರ ಫೋಟೋ ಮಾತ್ರ ವರ್ಷಾನುಗಟ್ಟಲೆ ನಮ್ಮ ಫೋನುಗಳಲ್ಲಿ ಓಡಾಡಿಕೊಂಡಿರುತ್ತೆ.

ಫೋಟೋ ನೋಡಿದವರೆಲ್ಲ "ಎಷ್ಟು ಕ್ಯೂಟ್!" ಅಂತಾರೆ. ಚೆನ್ನಾಗಿರೋದು ನಿಜ. ಆದರೆ ಈ ಮನೆಗಳ ಬಗ್ಗೆ ಬರೆಯೋರು ಕೂಡ ಅಲ್ಲಿಗೇ ನಿಂತುಬಿಡುತ್ತಾರೆ. ಕಟ್ಟಿದವರು ಯಾರು, ಯಾವ ಮರ ಬಳಸಿದರು, ಎಲ್ಲಿಂದ ಸ್ಫೂರ್ತಿ ಬಂತು, ಇಷ್ಟು ಹೇಳಿ ಮುಗಿಸುತ್ತಾರೆ. ದೊಡ್ಡವರ ಮನೆ ಬಗ್ಗೆ ಬರೆಯುವಾಗ ಹೀಗೆ ಮಾಡಲ್ಲ. ಅಡುಗೆಮನೆಗೆ ಬೆಳಕು ಬರುತ್ತಾ, ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಹಾಕೋದು, ಅಜ್ಜಿ ಮೆಟ್ಟಿಲು ಹತ್ತೋದು ಹೇಗೆ ಅಂತ ಕೇಳುತ್ತೇವೆ. ಮನೆಯಲ್ಲಿ ಇರೋರಿಗೆ ಅದು ಒಗ್ಗುತ್ತಾ ಅನ್ನೋದೇ ಮುಖ್ಯ. ಮಕ್ಕಳ ಮನೆ ವಿಷಯ ಬಂದಾಗ ಮಾತ್ರ ಆ ಪ್ರಶ್ನೆ ಯಾಕೆ ಕೈಬಿಡುತ್ತೇವೆ?

ನಾನು ಕೇಳೋದು ಒಂದೇ ಪ್ರಶ್ನೆ. ಮಗು ಒಳಗೆ ಹೋಗಿ ಐದು ನಿಮಿಷ ಆಯ್ತು. ಆಮೇಲೆ ಅದಕ್ಕೆ ಅಲ್ಲಿ ಮಾಡೋಕೆ ಏನು ಉಳಿದಿದೆ?

ಈ ಅಳತೆಗೋಲು ಹಿಡಿದು ನೋಡಿದರೆ ಇಂಥ ಪ್ರದರ್ಶನಗಳ ಬಹುಪಾಲು ಮನೆಗಳು ಫೇಲ್. ಅವು ಕೆಟ್ಟದಾಗಿವೆ ಅಂತಲ್ಲ, ಪೂರ್ತಿ ಮುಗಿದುಹೋಗಿವೆ ಅಂತ. ಕಲ್ಪನೆಯ ಕೆಲಸವನ್ನೆಲ್ಲ ಕಟ್ಟಿದವರೇ ಮಾಡಿಬಿಟ್ಟಿದ್ದಾರೆ. ಮಗುವಿಗೆ ಉಳಿದಿರೋದು ನೋಡೋದು, ಒಂದು ಸಲ ಒಳಗೆ ಹೋಗಿ ಬರೋದು, ಕಿಟಕಿಯಿಂದ ಮುಖ ಹಾಕಿ ಅಪ್ಪ-ಅಮ್ಮನ ಫೋಟೋಗೆ ನಗೋದು.

ಈ ಬಗೆಯ ಮನೆಗೆ ಒಂದು ಹಳೇ ಉದಾಹರಣೆ ಇದೆ. ಇಂಗ್ಲೆಂಡಿನ ವಿಂಡ್ಸರ್‌ನಲ್ಲಿ ರಾಯಲ್ ಲಾಡ್ಜ್ ಅನ್ನೋ ಅರಮನೆಯ ತೋಟದಲ್ಲಿ ಒಂದು ಪುಟ್ಟ ಹುಲ್ಲಿನ ಚಾವಣಿಯ ಮನೆ ಇದೆ. ಹೆಸರು 'ಅ ಬುಥಿನ್ ಬಾಖ್'. ವೇಲ್ಸ್ ಭಾಷೆಯಲ್ಲಿ ಪುಟ್ಟ ಕುಟೀರ ಅಂತ ಅರ್ಥ. ಮುಂದೆ ರಾಣಿಯಾದ ಎಲಿಜಬೆತ್‌ಗೆ ಆರು ವರ್ಷ ತುಂಬಿದಾಗ, 1932ರಲ್ಲಿ, ವೇಲ್ಸ್‌ನ ಜನ ಕೊಟ್ಟ ಉಡುಗೊರೆ. ಅದು ತಾತ್ಕಾಲಿಕ ಅಲ್ಲ, ಇವತ್ತಿಗೂ ಇದೆ. ಆದರೆ ತೋಟದ ಆಟದ ಮನೆ ಅಂದ ತಕ್ಷಣ ಶ್ರೀಮಂತ ಜಗತ್ತಿನ ಕಣ್ಣಿಗೆ ಬರೋ ಚಿತ್ರ ಇಂಥದ್ದೇ.

ಆ ಮನೆಯೊಳಗೆ ಏನಿಲ್ಲ ಹೇಳಿ. ಕರೆಂಟ್ ಇದೆ. ನಲ್ಲಿಯಲ್ಲಿ ಬಿಸಿನೀರು, ತಣ್ಣೀರು ಎರಡೂ ಬರುತ್ತೆ. ಮೇಲ್ಮಹಡಿಯಲ್ಲಿ ಮಲಗೋ ಕೋಣೆ, ಬಚ್ಚಲು. ಕೈಬೆರಳಿನಷ್ಟು ಪುಸ್ತಕಗಳು, ಪುಟ್ಟ ತಟ್ಟೆ-ಲೋಟಗಳು. ದೊಡ್ಡವರು ಬಗ್ಗಿಕೊಂಡೇ ಓಡಾಡಬೇಕು, ಅಷ್ಟು ತಗ್ಗು ಚಾವಣಿ. ಕುಶಲಕರ್ಮಿಗಳ ಕೈಚಳಕಕ್ಕೆ ತಲೆಬಾಗಲೇಬೇಕು. ಕಲ್ಲಿದ್ದಲು ಗಣಿಗಳಲ್ಲಿ ಕೆಲಸ ಇಲ್ಲದೆ ವೇಲ್ಸ್ ಒದ್ದಾಡುತ್ತಿದ್ದ ಕಾಲದಲ್ಲಿ ಕಟ್ಟಿದ್ದು ಅನ್ನೋದನ್ನೂ ಮರೆಯುವಂತಿಲ್ಲ.

ಆದರೆ ಅದನ್ನು ಆಟದ ಮನೆಯಾಗಿ ನೋಡಿ. ಲೋಟ ನಿಜವಾದ ಲೋಟ. ನೀರು ನಿಜವಾದ ನೀರು. ದೀಪ ನಿಜವಾದ ದೀಪ. ಅಲ್ಲಿ ಯಾವುದನ್ನೂ 'ಇದು ದೀಪ ಅಂತ ಅಂದ್ಕೊಳೋಣ' ಅನ್ನಬೇಕಾಗಿಲ್ಲ. ಮಕ್ಕಳ ಮನೆಯಾಟ ನಡೆಯೋದು ಆ 'ಅಂದ್ಕೊಳೋಣ'ದ ಮೇಲೆ. ಅದನ್ನು ತೆಗೆದುಬಿಟ್ಟರೆ ಉಳಿಯೋದು ಮನೆಗೆಲಸ! ಗುಡಿಸೋದು, ಒರೆಸೋದು, ಪಾತ್ರೆ ಜೋಡಿಸೋದು. ಹೆಣ್ಣುಮಗುವಿಗೆ ಕೊಡೋ ಉಡುಗೊರೆಯಲ್ಲಿ ಇದು ಸುಮ್ಮನೆ ಬಂದು ಸೇರಿದ್ದಲ್ಲ ಅಂತ ನನ್ನ ಅನುಮಾನ.

ಇವತ್ತಿನ ಪ್ರದರ್ಶನದ ಮನೆಗಳು ಬೇರೆ ದಾರಿಯಲ್ಲಿ ಹೋಗಿ ಅದೇ ಊರು ತಲುಪಿವೆ. ಅವು ದೊಡ್ಡವರ ಮನೆಯ ಚಿಕ್ಕ ನಕಲಲ್ಲ. ಅವುಗಳಿಗೆ ಒಂದು 'ಥೀಮ್' ಇರುತ್ತೆ. ಹೆಚ್ಚಾಗಿ ಮಕ್ಕಳ ಕಥೆಪುಸ್ತಕದ್ದು. ಮುಂದೆ ಒಂದು ಬೋರ್ಡು: ಇದು ಇಂಥ ಕಥೆಯ ಇಂಥ ಪ್ರಾಣಿಯ ಮನೆ. ಮಗು ಒಳಗೆ ಕಾಲಿಡೋ ಮೊದಲೇ ಅದು ಯಾರು, ಎಲ್ಲಿದೆ, ಏನಾಗಲಿದೆ ಎಲ್ಲ ತೀರ್ಮಾನವಾಗಿದೆ. ಹಡಗಿನ ಆಕಾರದ ಮನೆಯಲ್ಲಿ ಅದು ಹಡಗು ಮಾತ್ರ. ನಾಲ್ಕು ಕೋಲಿಗೆ ಒಂದು ಹಳೇ ಸೀರೆ ಕಟ್ಟಿದ್ದರೆ ಅದು ಬೆಳಿಗ್ಗೆ ಹಡಗು, ಮಧ್ಯಾಹ್ನ ಆಸ್ಪತ್ರೆ, ಸಂಜೆ ಬಸ್ಸು ಆಗಬಹುದಿತ್ತು.

ವಾಸ್ತುಶಿಲ್ಪಿಗಳನ್ನೇ ಬೈದು ಪ್ರಯೋಜನವಿಲ್ಲ, ಅವರ ಕಷ್ಟವೂ ಇದೆ. ಉದ್ಯಾನಕ್ಕೆ ಟಿಕೆಟ್ ಮಾರಾಟ ಆಗಬೇಕು, ಪ್ರಾಯೋಜಕರ ಹೆಸರು ಕಾಣಬೇಕು, ಗಾಲಿಕುರ್ಚಿಯ ಮಗುವೂ ಒಳಗೆ ಹೋಗೋ ಹಾಗಿರಬೇಕು, ಯಾರೂ ಬಿದ್ದು ಕೈ ಮುರಿದುಕೊಳ್ಳಬಾರದು. ಇವೆಲ್ಲ ನ್ಯಾಯವಾದ ಬೇಡಿಕೆಗಳು, ಕೊನೆಯ ಎರಡಂತೂ ಬೇಕೇಬೇಕು. ಆದರೆ ಪಟ್ಟಿಯಲ್ಲಿ 'ಮಗು ಇದನ್ನು ಬದಲಾಯಿಸಬಹುದಾ' ಅನ್ನೋ ಸಾಲು ಇಲ್ಲ. ಯಾರೂ ಕೇಳದ ಮೇಲೆ ಯಾರೂ ಕಟ್ಟಲ್ಲ.

ಟೆಕ್ಸಸ್‌ನ ಡಲ್ಲಾಸ್ ನಗರದಲ್ಲಿ 'ಪರೇಡ್ ಆಫ್ ಪ್ಲೇಹೌಸಸ್' ಅಂತ ಒಂದು ಬೇಸಿಗೆ ಪ್ರದರ್ಶನ ನಡೆಯುತ್ತೆ. ಅದು ಉದ್ಯಾನದಲ್ಲಲ್ಲ, ನಾರ್ತ್‌ಪಾರ್ಕ್ ಅನ್ನೋ ಮಾಲ್‌ನಲ್ಲಿ. ಬಿಲ್ಡರ್‌ಗಳು, ವಾಸ್ತುಶಿಲ್ಪಿಗಳು ಮನೆ ಕಟ್ಟಿ ದಾನ ಕೊಡುತ್ತಾರೆ. ಜನ ಲಾಟರಿ ಚೀಟಿ ಕೊಳ್ಳುತ್ತಾರೆ. ಗೆದ್ದವರ ಹಿತ್ತಲಿಗೆ ಮನೆ ಹೋಗುತ್ತೆ. ಬಂದ ಹಣ 'ಡಲ್ಲಾಸ್ ಕಾಸಾ' ಸಂಸ್ಥೆಗೆ. ಹಿಂಸೆ, ನಿರ್ಲಕ್ಷ್ಯಕ್ಕೆ ಸಿಕ್ಕಿ ಕೋರ್ಟಿನ ರಕ್ಷಣೆಯಲ್ಲಿರೋ ಮಕ್ಕಳ ಪರವಾಗಿ ನಿಲ್ಲೋ ಸ್ವಯಂಸೇವಕರ ಸಂಸ್ಥೆ ಅದು. ಉದ್ದೇಶಕ್ಕೆ ಎರಡು ಮಾತಿಲ್ಲ. ಆದರೂ ನೋಡಿ, ಮನೆಯನ್ನೇ ಕಳೆದುಕೊಂಡ ಮಕ್ಕಳಿಗೋಸ್ಕರ ದುಡ್ಡು ಎತ್ತೋಕೆ ಕಟ್ಟಿದ ಮುದ್ದಾದ ಮನೆ ಕೊನೆಗೆ ಹೋಗಿ ಸೇರೋದು ಆಗಲೇ ಮನೆ-ಹಿತ್ತಲು ಇರೋ ಮಗುವಿನ ಕೈಗೆ. ಇಲ್ಲಿ ಆಟದ ಮನೆ ಅನ್ನೋದು ಬಹುಮಾನ. ಬಹುಮಾನ ಅಂದ ಮೇಲೆ ಅದು ಹೊಳೀಬೇಕು, ಮುಗಿದಿರಬೇಕು. ಅರ್ಧ ಕಟ್ಟಿದ್ದಕ್ಕೆ ಯಾರು ಲಾಟರಿ ಚೀಟಿ ಕೊಳ್ಳುತ್ತಾರೆ?

ಈಗ ಇನ್ನೊಂದು ತುದಿಗೆ ಹೋಗೋಣ. ವಿಂಡ್ಸರ್‌ನ ಮನೆ ಕಟ್ಟಿ ಹನ್ನೊಂದು ವರ್ಷಕ್ಕೆ, 1943ರಲ್ಲಿ, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನ ಎಂಡ್ರಪ್ ಅನ್ನೋ ಕಡೆ ಒಂದು ಮೈದಾನ ತೆರೆಯಿತು. ಆಗ ದೇಶ ಜರ್ಮನ್ ಸೇನೆಯ ಹಿಡಿತದಲ್ಲಿತ್ತು. ಕಾರ್ಮಿಕರ ಸಹಕಾರಿ ವಸತಿ ಬಡಾವಣೆಗೆ ಸೇರಿದ್ದ ಮೈದಾನ ಅದು. ಯೋಜನೆ ಮಾಡಿದವರು ಕಾರ್ಲ್ ಥಿಯೊಡೋರ್ ಸೋರೆನ್ಸನ್, ಆ ದೇಶದ ದೊಡ್ಡ ಉದ್ಯಾನ ವಿನ್ಯಾಸಕಾರ. ತಾನು ಚೆಂದವಾಗಿ ಮಾಡಿಕೊಟ್ಟ ಆಟದ ಮೈದಾನಗಳನ್ನು ಬಿಟ್ಟು ಮಕ್ಕಳು ಕಟ್ಟಡ ಕೆಲಸ ನಡೆಯೋ ಜಾಗಕ್ಕೆ, ಗುಜರಿ ರಾಶಿಗೆ ನುಗ್ಗುತ್ತಾರೆ ಅನ್ನೋದು ಅವರ ಗಮನಕ್ಕೆ ಬಂದಿತ್ತು. 1931ರಲ್ಲೇ ಅದರ ಬಗ್ಗೆ ಬರೆದಿದ್ದರು.

ಎಂಡ್ರಪ್‌ನಲ್ಲಿ ಜಾರುಬಂಡಿ ಇರಲಿಲ್ಲ, ಉಯ್ಯಾಲೆ ಇರಲಿಲ್ಲ. ಹಲಗೆ, ಇಟ್ಟಿಗೆ, ಮಣ್ಣು, ಹಳೇ ಸಾಮಾನು, ಸುತ್ತಿಗೆ, ಮೊಳೆ, ಗುದ್ದಲಿ ಇದ್ದವು. ಮಕ್ಕಳು ಗುಡಿಸಲು ಕಟ್ಟಿದರು, ಗುಹೆ ತೋಡಿದರು, ಕೆಡವಿದರು, ಮತ್ತೆ ಕಟ್ಟಿದರು. ಸುತ್ತ ಮಣ್ಣಿನ ಎತ್ತರದ ಏರಿ, ಅದರ ಮೇಲೆ ಬೇಲಿ. ಹೊರಗೆ ನಡೆಯೋರಿಗೆ ಒಳಗೆ ನಡೆಯೋದು ಕಾಣುತ್ತಿರಲಿಲ್ಲ. ಈ ಏರಿ ಇದೆಯಲ್ಲ, ಇಡೀ ವಿನ್ಯಾಸದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಅದೇ. ಊರಿನವರ ಕಣ್ಣಿಗೆ ಕೊಳಕು ಬೀಳಲ್ಲ, ಮಕ್ಕಳಿಗೆ ಊರಿನವರ ಕಣ್ಣಿನ ಕಾಟ ಇಲ್ಲ. ಒಬ್ಬ ಉದ್ಯಾನ ವಿನ್ಯಾಸಕಾರ ಮಾಡಬಹುದಾದ ಕೆಲಸವನ್ನು ಸೋರೆನ್ಸನ್ ಅಂಚಿನಲ್ಲಿ ಮಾಡಿ, ನಡುವಿನ ಜಾಗವನ್ನು ಮಕ್ಕಳಿಗೆ ಬಿಟ್ಟುಕೊಟ್ಟರು. ತಾನು ಮಾಡಿದ್ದರಲ್ಲೆಲ್ಲ ಇದೇ ಅತಿ ಕುರೂಪಿ, ಆದರೂ ತನ್ನ ಪಾಲಿಗೆ ಇದೇ ಅತಿ ಸುಂದರ ಅನ್ನೋ ಅರ್ಥದ ಮಾತನ್ನು ಅವರೇ ಮುಂದೆ ಹೇಳಿಕೊಂಡರು.

1946ರಲ್ಲಿ ಇಂಗ್ಲೆಂಡಿನ ಲೇಡಿ ಆಲನ್ ಆಫ್ ಹರ್ಟ್‌ವುಡ್ ಅನ್ನೋರು ಇದನ್ನು ನೋಡಿ ಬಂದರು. ಅವರೂ ಉದ್ಯಾನ ವಿನ್ಯಾಸಕಿಯೇ. ಲಂಡನ್ನಿನಲ್ಲಿ ಬಾಂಬ್ ಬಿದ್ದು ಪಾಳು ಬಿದ್ದಿದ್ದ ಜಾಗಗಳನ್ನು ಯಾಕೆ ಹೀಗೆ ಬಳಸಬಾರದು ಅಂತ ಪತ್ರಿಕೆಯಲ್ಲಿ ಬರೆದರು. ಇಂಗ್ಲೆಂಡಿನ 'ಅಡ್ವೆಂಚರ್ ಪ್ಲೇಗ್ರೌಂಡ್'ಗಳು ಹುಟ್ಟಿದ್ದು ಹಾಗೆ. ಅಲ್ಲಿ ಮಕ್ಕಳು ಕಟ್ಟಿದ ಮನೆಗಳೂ ತಾತ್ಕಾಲಿಕವೇ. ಆದರೆ ಅವು ಬೀಳುತ್ತಿದ್ದಿದ್ದು ಕ್ಯಾಲೆಂಡರ್ ನೋಡಿಕೊಂಡಲ್ಲ, ಕಟ್ಟಿದವರಿಗೆ ಬೇರೆ ಏನಾದರೂ ಬೇಕು ಅನಿಸಿದಾಗ.

ಇದನ್ನು ಸಿದ್ಧಾಂತದ ಭಾಷೆಯಲ್ಲಿ ಹೇಳಿದವರು ಸೈಮನ್ ನಿಕಲ್ಸನ್. ಶಿಲ್ಪಿ ಬಾರ್ಬರಾ ಹೆಪ್‌ವರ್ತ್, ಚಿತ್ರಕಲಾವಿದ ಬೆನ್ ನಿಕಲ್ಸನ್ ದಂಪತಿಯ ಮಗ. 1971ರಲ್ಲಿ ಅವರು ಬರೆದ ಲೇಖನದ ಸಾರ ಇಷ್ಟು: ಒಂದು ಜಾಗದಲ್ಲಿ ಮಕ್ಕಳು ಅಲ್ಲಾಡಿಸಿ, ಜೋಡಿಸಿ, ಬದಲಾಯಿಸಬಹುದಾದ ವಸ್ತುಗಳು ಎಷ್ಟು ಇವೆಯೋ, ಎಷ್ಟು ಬಗೆಯವು ಇವೆಯೋ, ಹೊಸದನ್ನು ಹುಡುಕೋ ಅವಕಾಶವೂ ಅಷ್ಟೇ ಇರುತ್ತೆ. ಆ ವಸ್ತುಗಳಿಗೆ ಅವರು 'ಲೂಸ್ ಪಾರ್ಟ್ಸ್' ಅಂತ ಹೆಸರಿಟ್ಟರು. ಇನ್ನೊಂದು ಮೊನಚಾದ ಮಾತೂ ಅದರಲ್ಲಿದೆ. ಕಟ್ಟೋದರಲ್ಲಿ ಇರೋ ಮಜವನ್ನೆಲ್ಲ ವಾಸ್ತುಶಿಲ್ಪಿ, ಕಲಾವಿದ, ಯೋಜನೆ ಮಾಡೋರು ತಾವೇ ಅನುಭವಿಸಿ, ಮಕ್ಕಳಿಗೆ ಮುಗಿದ ಸರಕು ಕೊಡುತ್ತಾರೆ, ಇದು ಮಕ್ಕಳಿಗೆ ಮಾಡೋ ಮೋಸ ಅನ್ನೋದು ಅವರ ವಾದ.

ನಿಕಲ್ಸನ್ ಈ ವಸ್ತುಗಳನ್ನು 'ವೇರಿಯೇಬಲ್' ಅಂತಲೂ ಕರೆದಿದ್ದಾರೆ. ನನ್ನಂಥ ಸಾಫ್ಟ್‌ವೇರಿನವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಎಲ್ಲ ಬೆಲೆಗಳನ್ನೂ ಹಾರ್ಡ್‌ಕೋಡ್ ಮಾಡಿದ ಪ್ರೋಗ್ರಾಂ ಡೆಮೋ ದಿನ ಭರ್ಜರಿಯಾಗಿ ಓಡುತ್ತೆ. ಕ್ಲೈಂಟ್ ಚಪ್ಪಾಳೆ ತಟ್ಟುತ್ತಾನೆ. ಮಾರನೇ ದಿನ ಬೇರೆ ಇನ್‌ಪುಟ್ ಕೊಟ್ಟರೆ ಬೆಪ್ಪಾಗಿ ಕೂರುತ್ತೆ. ಪ್ರದರ್ಶನದ ಆಟದ ಮನೆಗಳೂ ಡೆಮೋಗೆ ಮಾಡಿದವು. ಉದ್ಘಾಟನೆ ದಿನದ ಫೋಟೋಗೆ ಸರಿ, ಅದೇ ಮಗು ಎರಡನೇ ಸಲ ಬಂದರೆ ಕೊಡೋಕೆ ಅವುಗಳ ಹತ್ತಿರ ಏನೂ ಇಲ್ಲ.

ಇಲ್ಲಿ ನೀವು ಕೇಳಬಹುದು: "ಸರಿನಪ್ಪ, ಸಸ್ಯೋದ್ಯಾನದ ಮಧ್ಯೆ ಗುಜರಿ ತಂದು ಸುರಿಯೋಕಾಗುತ್ತಾ?" ಆಗಲ್ಲ. ಅಪರೂಪದ ಗಿಡಗಳಿರೋ ಜಾಗ, ಸಾವಿರಾರು ಜನ ಓಡಾಡೋ ಜಾಗ. ಕಣ್ಣಿಗೂ ಒಪ್ಪಬೇಕು. ಅದಕ್ಕೇ ಪ್ಯಾಟ್ರಿಕ್ ಡೋಹರ್ಟಿ ಅವರ ಕೆಲಸ ನನಗೆ ಮುಖ್ಯ ಅನಿಸೋದು. ಈ ಎರಡು ತುದಿಗಳ ನಡುವೆ ಒಂದು ಜಾಗ ಇದೆ ಅಂತ ಅವರು ಮಾಡಿ ತೋರಿಸಿದ್ದಾರೆ.

ಡೋಹರ್ಟಿ 1945ರಲ್ಲಿ ಹುಟ್ಟಿ, ಅಮೆರಿಕದ ನಾರ್ತ್ ಕೆರೊಲಿನಾದ ಕಾಡಿನ ನಡುವೆ ಬೆಳೆದವರು. ಮೊದಲು ಓದಿದ್ದು ಆಸ್ಪತ್ರೆ ಆಡಳಿತ. ಆಮೇಲೆ ಶಿಲ್ಪಕಲೆ ಕಡೆ ತಿರುಗಿದರು. 1980ರ ದಶಕದ ಶುರುವಿನಿಂದ ಅವರು ಮಾಡುತ್ತಾ ಬಂದಿರೋದು ಒಂದೇ ಕೆಲಸ: ಎಳೆ ಮರಗಳ ಕೊಂಬೆ, ಕಡ್ಡಿಗಳನ್ನು ಹೆಣೆದು ಮನೆ, ಗೋಪುರ, ಗೂಡು ಕಟ್ಟೋದು. ಲೆಕ್ಕ ಮುನ್ನೂರು ದಾಟಿದೆ. ಎಲ್ಲಿಗೆ ಕರೆದರೂ ಅಲ್ಲಿಯದೇ ಕಡ್ಡಿ. ವಿಲೋ, ಮೇಪಲ್, ಸುತ್ತಮುತ್ತ ಏನು ಸಿಗುತ್ತೋ ಅದನ್ನು ಲಾರಿಗಟ್ಟಲೆ ತರಿಸುತ್ತಾರೆ. ನೆಲದಲ್ಲಿ ಗುಂಡಿ ತೋಡಿ ದಪ್ಪ ಕೊಂಬೆಗಳನ್ನು ನೆಡುತ್ತಾರೆ, ಅಟ್ಟಣಿಗೆ ಕಟ್ಟಿ ತುದಿಗಳನ್ನು ಬಗ್ಗಿಸುತ್ತಾರೆ, ಸಣ್ಣ ಕಡ್ಡಿಗಳನ್ನು ಒಂದರೊಳಗೊಂದು ತೂರಿಸುತ್ತಾ ಹೋಗುತ್ತಾರೆ. ಊರಿನ ಸ್ವಯಂಸೇವಕರು ಜೊತೆಗೂಡುತ್ತಾರೆ. ಸುಮಾರು ಮೂರು ವಾರದಲ್ಲಿ ಕೆಲಸ ಮುಗಿಯುತ್ತೆ. ಎರಡು ವರ್ಷದ ಆಸುಪಾಸು ನಿಲ್ಲುತ್ತೆ. ಆಮೇಲೆ ಒಣಗಿ, ಲಡ್ಡಾಗಿ, ಕುಸಿಯೋ ಮೊದಲು ತೆಗೆದುಬಿಡುತ್ತಾರೆ.

ಫಿಲಡೆಲ್ಫಿಯಾದ ಮಾರಿಸ್ ಆರ್ಬೊರೇಟಂನಲ್ಲಿ 2009ರಲ್ಲಿ ಕಟ್ಟಿದ 'ಸಮ್ಮರ್ ಪ್ಯಾಲೇಸ್', ನ್ಯೂಯಾರ್ಕಿನ ಬ್ರೂಕ್ಲಿನ್ ಬೊಟಾನಿಕ್ ಗಾರ್ಡನ್‌ಗೆ ನೂರು ವರ್ಷ ತುಂಬಿದಾಗ 2010ರಲ್ಲಿ ಕಟ್ಟಿದ 'ನ್ಯಾಚುರಲ್ ಹಿಸ್ಟರಿ', ಈ ಎರಡರ ಚಿತ್ರಗಳನ್ನು ಒಮ್ಮೆ ಹುಡುಕಿ ನೋಡಿ. ಇವನ್ನು ಮಕ್ಕಳ ಮನೆ ಅಂತ ಹೆಸರಿಟ್ಟು ಕಟ್ಟಿಲ್ಲ. ಆದರೂ ಇವುಗಳ ಒಳಗೆ ಮಕ್ಕಳು ಏನು ಮಾಡುತ್ತಾರೆ ಅನ್ನೋ ವೀಡಿಯೋ ನೋಡಿದರೆ ಗೊತ್ತಾಗುತ್ತೆ. ಓಡುತ್ತಾರೆ. ಒಂದು ಬಾಗಿಲಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತಾರೆ. ಗೋಡೆಯ ಸಂದಿಯಿಂದ ಆಚೆಯವರನ್ನು ನೋಡುತ್ತಾರೆ. ಬಚ್ಚಿಟ್ಟುಕೊಳ್ಳುತ್ತಾರೆ.

ಯಾಕೆ ಹೀಗೆ? ಮೊದಲನೆಯದಾಗಿ, ಒಳಗೆ ಏನೂ ಇಲ್ಲ. ಮಂಚ ಇಲ್ಲ, ಟೇಬಲ್ ಇಲ್ಲ, ಗೋಡೆಗೆ ಅಂಟಿಸಿದ ಪ್ಲಾಸ್ಟಿಕ್ ಸ್ಟೇರಿಂಗ್ ಇಲ್ಲ. ಬರೀ ನೆಲ. ಮನೆಯ ಥರ ಇದೆ, ಆದರೆ ಯಾವ ಮನೆ ಅಂತ ಗೊತ್ತಾಗಲ್ಲ. ಗೂಡಾ, ಮಡಕೆಯಾ, ಬಿರುಗಾಳಿಯಾ? ಕಿಟಕಿ-ಬಾಗಿಲುಗಳು ಸೊಟ್ಟಗಿವೆ. ಇದು ಮುಂಭಾಗ, ಇಲ್ಲಿ ನಿಂತು ಫೋಟೋ ತೆಗೀರಿ ಅನ್ನೋ ಜಾಗವೇ ಇಲ್ಲ. ಗೋಡೆಯ ತುಂಬ ಸಂದಿಗಳಿರೋದರಿಂದ ಒಳಗಿರೋ ಮಗುವಿಗೆ ಆಚೆ ಕಾಣುತ್ತೆ, ಆಚೆಯ ಅಮ್ಮನಿಗೆ ಮಗು ಅಷ್ಟಷ್ಟೇ ಕಾಣುತ್ತೆ. ಎಂಡ್ರಪ್‌ನ ಮಣ್ಣಿನ ಏರಿ ಮಾಡಿದ ಕೆಲಸವನ್ನು ಇಲ್ಲಿ ಕಡ್ಡಿಯ ಗೋಡೆ ಮಾಡುತ್ತೆ, ಇಬ್ಬರಿಗೂ ನೆಮ್ಮದಿ.

ಎರಡನೆಯದು, ಅದು ಹೇಗೆ ಕಟ್ಟಿದ್ದು ಅಂತ ಮಗುವಿಗೆ ಕಾಣುತ್ತೆ. ಕಡ್ಡಿ ಎಲ್ಲಿ ಹೊಕ್ಕಿತು, ಎಲ್ಲಿ ಬಂತು ಅಂತ ಬೆರಳಿಟ್ಟು ಹಿಂಬಾಲಿಸಬಹುದು. ಫೈಬರ್ ಗ್ಲಾಸಿನ ಅಣಬೆ ಮುಂದೆ ನಿಂತ ಮಗುವಿಗೆ 'ಇದನ್ನು ಯಾರೋ ಫ್ಯಾಕ್ಟರಿಯಲ್ಲಿ ಮಾಡಿದ್ದಾರೆ' ಅನ್ನೋದಕ್ಕಿಂತ ಹೆಚ್ಚು ಏನೂ ಗೊತ್ತಾಗಲ್ಲ. ಹೆಣೆದ ಗೋಡೆ ಮುಂದೆ ನಿಂತ ಮಗುವಿಗೆ 'ಇದು ನನಗೂ ಬರುತ್ತೆ' ಅನಿಸುತ್ತೆ. ಜೊತೆಗೆ ಡೋಹರ್ಟಿ ಬಾಗಿಲು ಹಾಕಿಕೊಂಡು ಕಟ್ಟೋರಲ್ಲ. ಮೂರು ವಾರವೂ ಜನ ನೋಡುತ್ತಿರುವಾಗಲೇ ಕೆಲಸ. ಬರಿಗೈಯಲ್ಲಿ ಕಡ್ಡಿ ಬಗ್ಗಿಸೋ ದೊಡ್ಡವರನ್ನು ನೋಡೋದು ಇವತ್ತಿನ ಎಷ್ಟು ಮಕ್ಕಳಿಗೆ ಸಿಗುತ್ತೆ?

ಮೂರನೆಯದು ಕಾಲ. ಉಳಿದ ಮನೆಗಳಿಗೆ ತಾತ್ಕಾಲಿಕ ಅಂದರೆ ಬಾಡಿಗೆ ಕರಾರಿನ ಅವಧಿ, ಕೊನೇ ದಿನದವರೆಗೂ ಹೊಸದಾಗಿಯೇ ಕಾಣಬೇಕು, ಬಣ್ಣ ಹೋದರೆ ಮತ್ತೆ ಬಳೀಬೇಕು. ಕಡ್ಡಿಯ ಮನೆ ದಿನದಿನಕ್ಕೂ ಹಳೇದಾಗುತ್ತೆ. ಬಣ್ಣ ಬೂದಿಯಾಗುತ್ತೆ, ತೊಗಟೆ ಸುಲಿಯುತ್ತೆ, ಒಂದು ಮಳೆಗಾಲ, ಒಂದು ಹಿಮಗಾಲ ದಾಟಿ ಸೊಂಟ ಬಾಗುತ್ತೆ. ತೋಟದ ಗಿಡಗಳ ಜೊತೆಗೆ ಅದೂ ಒಂದು ಗಿಡದ ಹಾಗೆ ಬದುಕಿ ಸಾಯುತ್ತೆ. ತೋಟದಲ್ಲೇ ಇಡಬೇಕಾದ ಕಾರಣ ಇರೋದು ಇದೊಂದಕ್ಕೆ. ಉಳಿದವನ್ನು ಮಾಲ್‌ನಲ್ಲಿ ಇಟ್ಟರೂ ವ್ಯತ್ಯಾಸವಿಲ್ಲ, ಡಲ್ಲಾಸ್‌ನಲ್ಲಿ ಇಟ್ಟೂ ಇದ್ದಾರೆ.

ಇಷ್ಟೆಲ್ಲ ಹೊಗಳಿದ ಮೇಲೂ ಒಂದು ತಕರಾರು ಉಳಿಯುತ್ತೆ. ಡೋಹರ್ಟಿಯ ಮನೆಗೂ ಮಗು ಒಂದು ಕಡ್ಡಿ ಸೇರಿಸುವಂತಿಲ್ಲ. ಹೆಣೆಯೋರು ದೊಡ್ಡವರು, ನೋಡೋರು ಮಕ್ಕಳು. 'ಇದು ನನಗೂ ಬರುತ್ತೆ' ಅನ್ನೋ ಆಸೆ ಹುಟ್ಟಿಸಿ, ಅದನ್ನು ತೀರಿಸೋ ದಾರಿ ತೋರಿಸದೆ ಕಳಿಸಿಬಿಡುತ್ತೆ. ಲಾರಿಗಟ್ಟಲೆ ತಂದ ಕಡ್ಡಿಯಲ್ಲಿ ಒಂದು ಹೊರೆಯನ್ನು ಪಕ್ಕದಲ್ಲಿ ಸುಮ್ಮನೆ ರಾಶಿ ಹಾಕಿ, 'ಇದು ನಿಮ್ಮದು' ಅಂತ ಮಕ್ಕಳಿಗೆ ಬಿಟ್ಟರೆ ಸಾಕಿತ್ತು. ದೊಡ್ಡ ಮನೆ ಕಲಾವಿದರದ್ದು, ಪಕ್ಕದ ಗುಡಿಸಲು ಮಕ್ಕಳದ್ದು.

2025ರ ಬೇಸಿಗೆಯಲ್ಲಿ ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸ್‌ನಲ್ಲಿ ಸರ್ಪೆಂಟೈನ್ ಗ್ಯಾಲರಿಯವರು 'ಪ್ಲೇ ಪೆವಿಲಿಯನ್' ಅಂತ ಒಂದನ್ನು ನಿಲ್ಲಿಸಿದರು. ಕಟ್ಟಿದ್ದು ಆರ್ಕಿಗ್ರಾಂ ಗುಂಪಿನ ಪೀಟರ್ ಕುಕ್, ಜೊತೆಗೆ ಲೆಗೋ ಕಂಪನಿ. ಕಣ್ಣು ಕುಕ್ಕೋ ಕಿತ್ತಳೆ ಬಣ್ಣ, ಜಾರುಬಂಡಿ. ಈ ಗ್ಯಾಲರಿ 2000ದಿಂದ ಬೇಸಿಗೆ ಪೆವಿಲಿಯನ್‌ಗಳನ್ನು ಕಟ್ಟಿಸುತ್ತಾ ಬಂದಿದೆ, ಮೊದಲನೆಯದು ಜಹಾ ಹದೀದ್ ಅವರದ್ದು. ಮಕ್ಕಳಾಟವನ್ನು ಆ ಮಟ್ಟದ ಕಲೆಯ ಸಾಲಿಗೆ ತಂದಿದ್ದು ಸಂತೋಷವೇ. ಬಿಚ್ಚಿ ಜೋಡಿಸೋ ಆಟಿಕೆಯ ಕಂಪನಿ ಜೊತೆಗಿರೋದೂ ಅರ್ಥಪೂರ್ಣ. ಆದರೆ ಆಟ ಅನ್ನೋದಕ್ಕೆ ಕಂಪನಿಯ ಸರಕು ಬೇಕೇಬೇಕು ಅನ್ನೋ ಭಾವನೆ ತೋಟದಲ್ಲಿ ಬೆಳೆಯೋದು ನನಗೆ ಅಷ್ಟಾಗಿ ಹಿಡಿಸಲ್ಲ. ಕಡ್ಡಿಗೆ ಬ್ರ್ಯಾಂಡ್ ಇಲ್ಲ. ಮಗು ಅದನ್ನು ಮನೆಗೆ ಹೋಗಿ ಯಾವ ಮರದ ಕೆಳಗಾದರೂ ಹೆಕ್ಕಬಹುದು.

ಹಳ್ಳಿಯಲ್ಲಿ ಬೆಳೆದವರಿಗೆ ಇಲ್ಲಿ 'ನಮ್ಮ ಕಾಲದಲ್ಲಿ' ಅಂತ ಶುರು ಮಾಡೋ ಆಸೆ ಬರುತ್ತೆ. ಮದುವೆ ಚಪ್ಪರ ಬಿಚ್ಚಿದ ಮೇಲೆ ಉಳಿದ ತೆಂಗಿನ ಗರಿಯಲ್ಲಿ ಹಿತ್ತಲಲ್ಲಿ ಗುಡಿಸಲು, ರಾಗಿ ಹುಲ್ಲಿನ ಮೆದೆಯಲ್ಲಿ ಸುರಂಗ, ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಅನ್ನ. ಎಲ್ಲ ನಿಜ. ಮೆದೆಯಲ್ಲಿ ಹಾವು ಇರುತ್ತಿತ್ತು ಅನ್ನೋದೂ ನಿಜ. ಹುಡುಗಿಯರನ್ನು ಆಟದ ಮಧ್ಯದಲ್ಲೇ "ಬಾರೇ, ತಮ್ಮನ್ನ ಎತ್ಕೋ" ಅಂತ ಕರೆಯುತ್ತಿದ್ದಿದ್ದೂ ನಿಜ. ಆ ಗುಡಿಸಲು ಒಳ್ಳೇದಾಗಿದ್ದಿದ್ದು ಹಳ್ಳಿ ಒಳ್ಳೇದು ಅನ್ನೋ ಕಾರಣಕ್ಕಲ್ಲ. ಯಾರಿಗೂ ಬೇಡವಾದ ಸಾಮಾನು ಇತ್ತು, ಯಾರೂ ನೋಡದ ಒಂದು ಮೂಲೆ ಇತ್ತು, ಬಿದ್ದುಹೋದರೆ ಯಾರೂ ಕೇಳುತ್ತಿರಲಿಲ್ಲ, ಅಷ್ಟಕ್ಕೆ. ಈ ಮೂರನ್ನೂ ಯಾವ ಊರಲ್ಲಾದರೂ ಬೇಕಂತಲೇ ಏರ್ಪಾಡು ಮಾಡಬಹುದು ಅಂತ ಎಂಡ್ರಪ್ ತೋರಿಸಿದೆ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಇರೋದು ಇದರ ಉಲ್ಟಾ. ಕ್ಯಾಟಲಾಗ್ ನೋಡಿ ತರಿಸಿದ ಪ್ಲಾಸ್ಟಿಕ್ ಕೋಟೆ, ಕೆಳಗೆ ರಬ್ಬರ್ ನೆಲ, ಮೇಲೆ ಸಿಸಿ ಕ್ಯಾಮೆರಾ, ಗೋಡೆ ಮೇಲೆ ಸಮಯದ ಪಟ್ಟಿ. ಹೋದ ವರ್ಷ ಮಗಳು, ಅವಳ ಜೊತೆ ಮೂರು ಮಕ್ಕಳು ಸೇರಿ ಯಾರೋ ಬಿಸಾಕಿದ ಫ್ರಿಜ್ಜಿನ ರಟ್ಟಿನ ಡಬ್ಬ ತಂದು, ನೆಲಮಾಳಿಗೆಯ ಮೆಟ್ಟಿಲ ಕೆಳಗೆ ಒಂದು ಮನೆ ಮಾಡಿದ್ದರು. ನಾಲ್ಕು ದಿನ ಪ್ಲಾಸ್ಟಿಕ್ ಕೋಟೆ ಕಡೆ ಒಬ್ಬರೂ ಸುಳಿಯಲಿಲ್ಲ. ಐದನೇ ದಿನ ಅಸೋಸಿಯೇಷನ್ ಗ್ರೂಪಿನಲ್ಲಿ ಮೆಸೇಜು: ಕಾಮನ್ ಏರಿಯಾದಲ್ಲಿ ಕಸ. ಸಂಜೆ ಹೊತ್ತಿಗೆ ತೆಗೆದಿದ್ದರು. ಮಗಳು ಅಳಲಿಲ್ಲ. "ಅಪ್ಪಾ, ಅದಿನ್ನೂ ಮುಗಿದಿರ್ಲಿಲ್ಲ" ಅಂದಳು.

ಮೆಟ್ಟಿಲ ಕೆಳಗೆ ರಟ್ಟು ಇಟ್ಟರೆ ಬೆಂಕಿಯ ಅಪಾಯ, ಅದು ಒಪ್ಪೋ ಮಾತೇ. ಆದರೆ ಬೇರೆ ಮೂಲೆ ಕೊಡೋಣ ಅಂತ ಒಬ್ಬರೂ ಅನ್ನಲಿಲ್ಲ. ಲಂಡನ್ನಿನ ಗ್ಯಾಲರಿಗೂ ನಮ್ಮ ಅಸೋಸಿಯೇಷನ್‌ಗೂ ದುಡ್ಡಿನಲ್ಲಿ ಅಜಗಜಾಂತರ ಇರಬಹುದು, ನಂಬಿಕೆ ಒಂದೇ: ಆಟದ ಮನೆಯನ್ನು ದೊಡ್ಡವರು ಕೊಳ್ಳಬೇಕು ಅಥವಾ ಕಟ್ಟಿಸಬೇಕು, ಮಕ್ಕಳು ಬಳಸಬೇಕು.

ಸುರಕ್ಷತೆಯ ಮಾತನ್ನು ತಳ್ಳಿಹಾಕೋಕಾಗಲ್ಲ. ಎಂಡ್ರಪ್‌ನಲ್ಲೂ ಮಕ್ಕಳನ್ನು ಸುತ್ತಿಗೆ ಕೊಟ್ಟು ಸುಮ್ಮನೆ ಬಿಟ್ಟಿರಲಿಲ್ಲ. ಜಾನ್ ಬರ್ಟೆಲ್ಸನ್ ಅನ್ನೋ ಒಬ್ಬರು ಇದ್ದರು. ಹೀಗೆ ಕಟ್ಟು, ಹಾಗೆ ಕಟ್ಟು ಅಂತ ಹೇಳೋಕಲ್ಲ, ಸಾಮಾನು ಒದಗಿಸೋಕೆ, ಕರೆದರೆ ಬರೋಕೆ, ನಿಜವಾದ ಅಪಾಯ ಇದ್ದಾಗ ತಡೆಯೋಕೆ. ಅಂದರೆ ಖರ್ಚು ಇದ್ದಿದ್ದು ಒಬ್ಬ ಮನುಷ್ಯನ ಸಂಬಳಕ್ಕೆ. ಉದ್ಯಾನಗಳ ಪ್ರದರ್ಶನಗಳಲ್ಲಿ ದುಡ್ಡೆಲ್ಲ ಪ್ಲೈವುಡ್ಡಿಗೆ, ಬಣ್ಣಕ್ಕೆ, ಬೋರ್ಡಿಗೆ ಹೋಗುತ್ತೆ. ಕಾವಲಿಗೆ ಒಬ್ಬ ಸೆಕ್ಯೂರಿಟಿ ಇರುತ್ತಾರೆ, ಅವರ ಕೆಲಸ ಮಕ್ಕಳಿಂದ ಮನೆಯನ್ನು ಕಾಪಾಡೋದು. ಹತ್ತು ಮನೆ ಕಟ್ಟೋ ಕಡೆ ಐದು ಕಟ್ಟಿ, ಉಳಿದ ದುಡ್ಡಲ್ಲಿ ಒಬ್ಬ ಬರ್ಟೆಲ್ಸನ್ ಅಂಥವರನ್ನು, ಒಂದು ರಾಶಿ ಹಲಗೆ-ಹಗ್ಗ-ಬಟ್ಟೆಯನ್ನು ಇಡಬಹುದು. ಫೋಟೋ ಅಷ್ಟು ಚೆನ್ನಾಗಿ ಬರಲ್ಲ, ಅದೊಂದು ನಷ್ಟ.

ತಾತ್ಕಾಲಿಕ ಅನ್ನೋದರಲ್ಲಿ ಒಂದು ದೊಡ್ಡ ಸ್ವಾತಂತ್ರ್ಯ ಇದೆ. ನಾಳೆ ಇರಬೇಕಾಗಿಲ್ಲ ಅಂದ ಮೇಲೆ ಇವತ್ತು ಕೆರೆಯಬಹುದು, ಬಣ್ಣ ಬಳಿಯಬಹುದು, ಗೋಡೆ ಕಿತ್ತು ಬಾಗಿಲು ಮಾಡಬಹುದು. ಶಾಶ್ವತ ಕಟ್ಟಡಕ್ಕೆ ಇಲ್ಲದ ಈ ಅವಕಾಶವನ್ನು ಪ್ರದರ್ಶನದವರು ಬಳಸೋದೇ ಇಲ್ಲ. ಮೂರು ತಿಂಗಳು ಜೋಪಾನ ಮಾಡಿ, ಕೊನೇ ದಿನ ಗೇಟು ಹಾಕಿ, ಕಂಟ್ರಾಕ್ಟರ್ ಕೈಲಿ ಬಿಚ್ಚಿಸುತ್ತಾರೆ. ಇಡೀ ಪ್ರದರ್ಶನದಲ್ಲಿ ಮಕ್ಕಳು ಅತಿ ಹೆಚ್ಚು ಖುಷಿಪಡಬಹುದಾಗಿದ್ದ ದಿನವೇ ಅವರಿಗೆ ಪ್ರವೇಶ ಇಲ್ಲ.

ಮುಂದಿನ ಸಲ ಇಂಥ ಮನೆಯ ಫೋಟೋ ಬಂದರೆ ಅದರಲ್ಲಿ ಮಗುವಿನ ಕೈಯನ್ನು ನೋಡಿ. ಕೈಯಲ್ಲಿ ಏನಾದರೂ ಇದ್ದರೆ ಲೈಕ್ ಒತ್ತಿ. ಖಾಲಿ ಕೈಯಲ್ಲಿ ಕಿಟಕಿಯಿಂದ ನಗುತ್ತಿದ್ದರೆ, ಆ ಮನೆ ದೊಡ್ಡವರು ತಮಗೋಸ್ಕರ ಕಟ್ಟಿಕೊಂಡಿದ್ದು ಅಂದುಕೊಳ್ಳಿ. ಕಟ್ಟೋರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದು ಒಂದೇ ಕೋರಿಕೆ: ಮನೆ ಅರ್ಧ ಕಟ್ಟಿ ಬಿಡಿ, ಮಿಕ್ಕ ಸಾಮಾನು ಅಲ್ಲೇ ಇಡಿ, ಬಿಚ್ಚೋ ದಿನ ಮಕ್ಕಳನ್ನ ಕರೀರಿ.